ಎರಡನೆಯ ಕರಡಿಗೆ

ಅಕ್ಕಿಮೂಟೆಗಳೇ ಕೋಟೆಗೋಡೆಯಾಗಿದ್ದ ಕಾಲದಲ್ಲಿ, ತರಗುಪೇಟೆ ಅನ್ನೋ ರಾಜ್ಯದಲ್ಲಿ, ಒಬ್ಬ ಸಾಹುಕಾರ ಇದ್ದನಂತೆ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಕಿರಿಯವಳಿಗೆ ಮನುಷ್ಯರ ಮಾತು ಮಾತ್ರ ಬರುತ್ತಿತ್ತು. ಹಿರಿಯವಳಿಗೆ ಗುಬ್ಬಚ್ಚಿಗಳ ಮಾತೂ ಬರುತ್ತಿತ್ತು. ಮಂಡಿಯ ಸೂರಿನಲ್ಲಿದ್ದ ಗುಬ್ಬಿಗಳು ದಿನವೂ ಅವಳ ಹತ್ತಿರ ದೂರು ತರುತ್ತಿದ್ದವು: ಬೆಕ್ಕಿನ ಮೇಲೆ, ಗಾಳಿಯ ಮೇಲೆ, ಸಾಹುಕಾರನ ತಕ್ಕಡಿಯ ಮೇಲೆ. ಅವಳು ನ್ಯಾಯ ಹೇಳುತ್ತಿದ್ದಳು, ಒಮ್ಮೊಮ್ಮೆ ಅವುಗಳ ಜೊತೆ ಜಗಳಕ್ಕೂ ನಿಲ್ಲುತ್ತಿದ್ದಳು, ಒಮ್ಮೊಮ್ಮೆ ಗೋಡೆಗೆ ತಲೆ ಕೊಟ್ಟು ಅಳುತ್ತಿದ್ದಳು. ಒಂದು ಬೆಳಿಗ್ಗೆ ಗುಬ್ಬಿಗಳೆಲ್ಲ ಸೇರಿ ಅವಳ ಸೆರಗು ಕಚ್ಚಿ ಎತ್ತಿಕೊಂಡು ಹಾರಿಹೋದವಂತೆ.

"ಎಲ್ಲಿಗೆ?" ಎಂದು ಚಿಕ್ಕ ಶಿವರಂಜಿನಿ ಕೇಳಿದರೆ ಅಜ್ಜಿ ಮಹಾನಂದಮ್ಮ "ಊರಾಚೆ" ಅನ್ನುತ್ತಿದ್ದಳು. ಅಲ್ಲಿಗೆ ಕತೆ ಖಾಲಿ. ಬೇರೆ ಕತೆಗಳಲ್ಲಿ ರಾಕ್ಷಸ ಸಾಯುತ್ತಿದ್ದ, ಮದುವೆಯ ಊಟ ನಡೆಯುತ್ತಿತ್ತು. ಈ ಕತೆಗೆ ಮಾತ್ರ ಬಾಲವೇ ಇರಲಿಲ್ಲ.

ಬಾಲ ಬಂದದ್ದು ಶಿವರಂಜಿನಿಗೆ ಇಪ್ಪತ್ತಾರು ತುಂಬಿದ ಮೇಲೆ, ಬಸವನಗುಡಿಯ ಒಂದು ನರ್ಸಿಂಗ್ ಹೋಮಿನ ಎರಡನೇ ಮಹಡಿಯಲ್ಲಿ, ಒಂದು ಮಂಗಳವಾರ ಬೆಳಿಗ್ಗೆ.

ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಶುಕ್ರವಾರ ಆಪರೇಷನ್ ಅಂತ ಗೊತ್ತಾಗಿತ್ತು. ನರ್ಸ್ ಬಂದು, "ಅಮ್ಮಾ, ಕೊರಳಲ್ಲಿ ಕೈಯಲ್ಲಿ ಏನೂ ಇರಬಾರ್ದು. ಬಳೆ, ಸರ, ದಾರ, ಎಲ್ಲ ತೆಗೀಬೇಕು" ಅಂದಳು.

"ಬಳೆ ತಗೋ. ಸರ ತಗೋ. ಲಿಂಗ ಮಾತ್ರ ತೆಗೆಯಲ್ಲ," ಅಂದಳು ಅಜ್ಜಿ. "ನನಗೆ ಹೆಸರಿಡೋಕೆ ಮುಂಚೆ ಕಟ್ಟಿದ್ದು ಅದು. ಮಣ್ಣಿಗೆ ಹೋಗುವಾಗಲೂ ಕೈಯಲ್ಲಿ ಇರಬೇಕಾದ್ದು. ನಿಮ್ಮ ಡಾಕ್ಟರು ಮಧ್ಯದಲ್ಲಿ ಬಂದೋರು."

ಮಧ್ಯದಲ್ಲಿ ಬಂದ ಡಾಕ್ಟರು ನಕ್ಕು ಒಂದು ಒಪ್ಪಂದಕ್ಕೆ ಬಂದರು. ದಾರವೂ ಬೆಳ್ಳಿಯ ಕರಡಿಗೆಯೂ ಆಚೆ ಇರಲಿ. ಒಳಗಿನ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಪ್ಲಾಸ್ಟರ್ ಹಾಕಿ ಅಂಟಿಸೋಣ. "ಆದ್ರೆ ಒಂದೇ ಅಮ್ಮ. ಇದೇನು, ಎರಡು ಹಾಕ್ಕೊಂಡಿದೀರಲ್ಲ?"

ಹೌದು, ಎರಡು. ಅಜ್ಜಿಯ ಕೊರಳಲ್ಲಿ ಎರಡು ಕರಡಿಗೆ ಇರುವುದು ಮನೆಯವರಿಗೆಲ್ಲ ಗೊತ್ತಿತ್ತು. ಬೆಳಿಗ್ಗೆ ಒಂದನ್ನು ಬಿಚ್ಚಿ ಎಡ ಅಂಗೈಯಲ್ಲಿಟ್ಟು ನೀರು, ವಿಭೂತಿ, ಪತ್ರೆ ಹಾಕಿ, ರೆಪ್ಪೆ ಬಡಿಯದೆ ನೋಡಿ, ಆಮೇಲೆ ಎರಡನೆಯದಕ್ಕೂ ಹಾಗೇ ಮಾಡುತ್ತಿದ್ದಳು. ಅವಳಿಗೆ ಭಕ್ತಿ ಸ್ವಲ್ಪ ಜಾಸ್ತಿ ಅಂತ ಎಲ್ಲರೂ ಸುಮ್ಮನಿದ್ದರು. ಶಿವರಂಜಿನಿಯ ಸ್ವಂತ ಲಿಂಗ ಅಮ್ಮನ ಬೀರುವಿನಲ್ಲಿ ಬೆಳ್ಳಿ ಲೋಟಗಳ ಪಕ್ಕ ಮಲಗಿತ್ತು; ಕೇಳುವ ಮುಖ ಅವಳಿಗೆಲ್ಲಿ?

ಡಾಕ್ಟರು ಹೋದ ಮೇಲೆ ಅಜ್ಜಿ, "ಬಾಗಿಲು ಹಾಕು ರಂಜು" ಅಂದಳು. "ಗುಬ್ಬಿ ಹುಡುಗಿ ಕತೆ ಜ್ಞಾಪಕ ಇದೆಯಾ?"

"ಅರ್ಧ ಕತೆ ತಾನೆ?"

"ಅವಳು ನನ್ನಕ್ಕ ಕಣೆ. ವಿಶಾಲಾಕ್ಷಿ."

"ಹಾಗಾದ್ರೆ ಗುಬ್ಬಿಗಳು?" ಎಂದು ಕೇಳಿಬಿಟ್ಟು ಶಿವರಂಜಿನಿ ತನಗೆ ತಾನೇ ನಾಚಿದಳು.

"ಗುಬ್ಬಿಗಳು ನಿಜ. ಅವಳು ಮಾತಾಡ್ತಿದ್ದದ್ದೂ ನಿಜ. ಎತ್ತಿಕೊಂಡು ಹೋಗಿದ್ದು ಮಾತ್ರ ಜಟಕಾ."

ಐವತ್ತೆಂಟನೇ ಇಸವಿ. ಅಜ್ಜಿಗೆ ಆಗ ಹದಿನೆಂಟು, ಅಕ್ಕನಿಗೆ ಇಪ್ಪತ್ತೊಂದು. ಚಾಮರಾಜಪೇಟೆಯ ಹುಚ್ಚಾಸ್ಪತ್ರೆಗೆ ಹೊರಟ ಜಟಕಾ ಬಾಗಿಲಲ್ಲಿ ನಿಂತಿದ್ದಾಗ ಅಪ್ಪ ಪರಮಶಿವಯ್ಯ ಮೂಟೆ ಬಿಚ್ಚುವ ಕತ್ತರಿ ತಂದು ಹಿರಿಮಗಳ ಶಿವದಾರ ಕತ್ತರಿಸಿದ್ದರು. ಬುದ್ಧಿ ಸ್ಥಿಮಿತ ಇಲ್ಲದವಳು, ಎಲ್ಲಾದರೂ ಎಸೆದರೆ ಅಪಚಾರ, ವಾಸಿಯಾಗಿ ಬಂದಾಗ ಕೊಡು ಎಂದು ಕರಡಿಗೆಯನ್ನು ಕಿರಿಯವಳ ಕೈಗೆ ಹಾಕಿದ್ದರು. ಅಕ್ಕ ಬರಲಿಲ್ಲ. ಕೇಳಿದರೆ ಅಪ್ಪ ಊಟ ಬಿಡುತ್ತಿದ್ದರು. ಕೊನೆಗೆ ಅಜ್ಜಿಯೇ ಕೇಳುವುದನ್ನು ಬಿಟ್ಟಳು.

"ಇದ್ದರೆ ಅವಳ ಕೈಗೆ ಕೊಡು. ಇಲ್ಲದಿದ್ದರೆ ಅವಳ ಮಣ್ಣಿಗೆ ಕೊಡು. ಶುಕ್ರವಾರದೊಳಗೆ," ಎಂದು ಅಜ್ಜಿ ಎರಡನೆಯ ಕರಡಿಗೆಯನ್ನು ಬಿಚ್ಚಿ ಅವಳ ಕೈಗಿಟ್ಟಳು. "ನಾನು ಆ ಮೇಜಿನ ಮೇಲಿಂದ ಏಳದೆ ಹೋದ್ರೆ ನೀವು ಎರಡನ್ನೂ ನನ್ನ ಜೊತೆ ಹೂತುಬಿಡ್ತೀರ. ಆಮೇಲೆ ಅಕ್ಕ ಬರಿಗೈಲಿ ನನ್ನನ್ನ ಎಲ್ಲಿ ಅಂತ ಹುಡುಕಲಿ?"

"ಕೊಡ್ತೀನಿ ಅಜ್ಜಿ."

"ಆಣೆ?"

"ಆಣೆ."

ಆ ಕ್ಷಣಕ್ಕೆ ಅದು ಸುಲಭದ ಕೆಲಸ ಅನಿಸಿತ್ತು.

*

ಬುಧವಾರ ಶಿವರಂಜಿನಿ ಚಾಮರಾಜಪೇಟೆಗೆ ಹೋದಳು. ಧಾನ್ಯದ ವರ್ತಕರು ಸೇರಿ ಕಟ್ಟಿಸಿದ್ದ ಆ ಆಸ್ಪತ್ರೆ ಮುಚ್ಚಿ ನಲವತ್ತು ವರ್ಷವಾಗಿತ್ತು. ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಟ್ರಸ್ಟಿನ ಕೋಣೆ ಮಾತ್ರ ಉಳಿದಿತ್ತು, ಅದರಲ್ಲಿ ಹಳೇ ರಿಜಿಸ್ಟರುಗಳು, ಶ್ರೀಹರಿ ಎಂಬ ಗುಮಾಸ್ತ, ಮತ್ತು ಗೋಡೆಯ ತುಂಬ ಗಂಧದ ಹಾರ ಹಾಕಿಕೊಂಡ ದಾನಿಗಳು. ಮೂರನೇ ಫೋಟೊ ಪರಮಶಿವಯ್ಯನವರದು.

"ನಿಮ್ಮ ಮುತ್ತಾತನಾ? ಮೊದಲೇ ಹೇಳೋದಲ್ವಾ ಮೇಡಂ!" ಎಂದು ಶ್ರೀಹರಿ ಕುರ್ಚಿ ಒರೆಸಿ, ಕೆಳಗೆ ಕೂಗಿ ಕಾಫಿ ತರಿಸಿದ. "ಪೇಷೆಂಟು ಯಾರು?"

"ಅವರ ಮಗಳು."

ಶ್ರೀಹರಿ ಫೋಟೊ ನೋಡಿದ, ಅವಳನ್ನು ನೋಡಿದ. "ಹಾಗಾದ್ರೆ ಖರ್ಚಿನವರಲ್ಲಿ ಇರ್ತಾರೆ," ಎಂದು ಕೆಂಪು ರಟ್ಟಿನ ರಿಜಿಸ್ಟರು ಇಳಿಸಿದ.

ಅಲ್ಲಿ ಎರಡು ಪಟ್ಟಿ. ಖರ್ಚು ಕೊಡುವವರದು ಕೆಂಪು. ಅವರಿಗೆ ಕಬ್ಬಿಣದ ಮಂಚ, ಅನ್ನ, ಕಿಟಕಿ. ಧರ್ಮಕ್ಕೆ ಸೇರಿದವರದು ಬರಿ ರಟ್ಟು; ಅವರಿಗೆ ಚಾಪೆ, ಮುದ್ದೆ, ತೋಟದ ಕೆಲಸ. ಕೆಲಸವನ್ನೂ ಚಿಕಿತ್ಸೆಯ ಅಂಕಣದಲ್ಲೇ ಬರೆದಿದ್ದರು. ಕೆಂಪು ರಿಜಿಸ್ಟರಿನಲ್ಲಿ ವಿಶಾಲಾಕ್ಷಿ ಇರಲಿಲ್ಲ. ಐವತ್ತೇಳರಿಂದ ಅರವತ್ತೈದರವರೆಗೆ ಎರಡು ಸಲ ಬೆರಳಿಟ್ಟು ನೋಡಿದಳು. ಇರಲಿಲ್ಲ.

ಸುಮ್ಮನೆ ಹೋಗಲು ಮನಸ್ಸಾಗದೆ ಇನ್ನೊಂದನ್ನೂ ತೆಗೆಸಿದಳು. ರೋಗದ ಕಾರಣ ಬರೆದಿದ್ದ ಅಂಕಣ ಅವಳ ತಲೆ ತಿರುಗಿಸಿತು. ಕೆಂಪು ಪುಸ್ತಕದಲ್ಲಿ 'ಮನೋವ್ಯಥೆ', 'ಅತಿಯಾದ ಓದು', 'ಮಗುವಿನ ವಿಯೋಗ' ಎಂದೆಲ್ಲ ಇತ್ತು. ಇದರಲ್ಲಿ ಪುಟಗಟ್ಟಲೆ 'ಕೆಟ್ಟ ರಕ್ತ', 'ಸೋಮಾರಿತನ', 'ಕೆಟ್ಟ ರಕ್ತ'.

"ಇವರಿಗೆ ಯಾರಿಗೂ ಮಗು ಸಾಯಲೇ ಇಲ್ವಾ?" ಅಂದಳು.

"ಸತ್ತಿರುತ್ತೆ ಮೇಡಂ. ಕೇಳಿರಲ್ಲ ಅಷ್ಟೆ," ಅಂದ ಶ್ರೀಹರಿ ಕಾಫಿ ಊದುತ್ತಾ.

ಹನ್ನೊಂದನೇ ಪುಟದಲ್ಲಿ ಅವಳ ಬೆರಳು ನಿಂತಿತು.

'ಪಿಳ್ಳಮ್ಮ. ವಯಸ್ಸು ೨೧. ತಂದೆ ಮುನಿರಾಮಪ್ಪ, ತರಕಾರಿ ತೋಟ, ಯಡಿಯೂರು ಕೆರೆ ದಾರಿ. ಕಾರಣ: ಕೆಟ್ಟ ರಕ್ತ. ಲಕ್ಷಣ: ಪ್ರತಿದಿನ ಸ್ನಾನವಾದೊಡನೆ ಖಾಲಿ ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು ಅದರ ಮೇಲೆ ನೀರು ಹಾಕುತ್ತಾಳೆ. ರೆಪ್ಪೆ ಬಡಿಯದೆ ಅಂಗೈ ನೋಡುತ್ತಾಳೆ. ತಡೆದರೆ ಉಣ್ಣುವುದಿಲ್ಲ. ಭ್ರಮೆ.'

ಅದರ ಕೆಳಗೆ ವರ್ಷಕ್ಕೊಂದು ಸಾಲು. 'ಭ್ರಮೆ ಹಾಗೇ ಇದೆ.' 'ಕೈ ಕಟ್ಟಲಾಯಿತು. ಪ್ರಯೋಜನವಿಲ್ಲ.' 'ದಾನಿ ಪರಮಶಿವಯ್ಯನವರ ಸೂಚನೆಯಂತೆ ಇವಳಿಗೆ ವಾರಕ್ಕೊಮ್ಮೆ ಅಕ್ಕಿ ಅನ್ನ.' 'ಭ್ರಮೆ ಹಾಗೇ ಇದೆ.' ಎಪ್ಪತ್ತನಾಲ್ಕರಲ್ಲಿ ಕೊನೆಯ ಸಾಲು: 'ಮರಣ. ಶವವನ್ನು ತಂದೆ ಒಯ್ದಿದ್ದಾನೆ.'

ಶಿವರಂಜಿನಿ ತನ್ನ ಎಡಗೈಯನ್ನು ಮೇಜಿನ ಮೇಲೆ ಬಿಡಿಸಿ ನೋಡಿಕೊಂಡಳು. ಅಜ್ಜಿ ದಿನಾ ಬೆಳಿಗ್ಗೆ ಮಾಡುವುದು ಇದೇ ಅಲ್ಲವೇ? ಅದು ಪೂಜೆ. ಇಲ್ಲಿ ಅದೇ ರೋಗ. ಆದರೆ ತರಕಾರಿ ತೋಟದ ತಿಗಳರ ಹುಡುಗಿಗೆ ಲಿಂಗಪೂಜೆ ಎಲ್ಲಿಂದ ಬಂತು? ಪಿಳ್ಳಮ್ಮ ಅಂದರೆ ಯಾರು? ಹದಿನಾರು ವರ್ಷ ಒಬ್ಬ ಡಾಕ್ಟರಿಗೂ ಇದು ಹೊಳೆಯಲಿಲ್ಲವೇ? ಹೊಳೆಯುವುದಾದರೂ ಹೇಗೆ, ತಂದೆಯ ಹೆಸರಿನ ಜಾಗದಲ್ಲಿ ಮುನಿರಾಮಪ್ಪ ಅಂತ ಇದ್ದಾಗ?

ಮಧ್ಯಾಹ್ನವೇ ನರ್ಸಿಂಗ್ ಹೋಮಿಗೆ ಹೋಗಿ ಬರೆದುಕೊಂಡಿದ್ದನ್ನು ಓದಿದಳು. ಅಂಗೈಗೆ ನೀರು ಹಾಕುವ ಸಾಲು ಬಂದಾಗ ಅಜ್ಜಿಯ ಕೈ ಕೊರಳಿಗೆ ಹೋಯಿತು. ಅಲ್ಲಿ ಈಗ ಒಂದೇ ದಾರ.

"ಪಿಳ್ಳಮ್ಮನಾ?" ಅಂದಳು ಅಜ್ಜಿ. "ಪಿಳ್ಳಮ್ಮ ನನ್ನ ಓರಗೆಯವಳು ಕಣೆ. ಮನೆಗೆ ಸೊಪ್ಪು ತರ್ತಿದ್ಲು. ಅವಳಿಗೇನೂ ಆಗಿರ್ಲಿಲ್ಲ. ನನ್ನ ಮದುವೆ ಚಪ್ಪರಕ್ಕೆ ಬಾಳೆಕಂದು ತಂದವಳೇ ಅವಳು."

"ಅಕ್ಕ ಹೋದಮೇಲಾ, ಮುಂಚೆನಾ?"

"ಆಮೇಲೆ." ಅಜ್ಜಿ ಕೊರಳ ದಾರ ಬಿಟ್ಟು ಅವಳ ಕೈ ಹಿಡಿದಳು. "ರಂಜು, ಅಪ್ಪ ಲಿಂಗ ಯಾಕೆ ತೆಗೆದ್ರು ಹಾಗಾದ್ರೆ?"

ಅಜ್ಜಿ ಕತೆ ಹೇಳುವವಳು, ಪ್ರಶ್ನೆ ಕೇಳುವವಳಲ್ಲ. ಶಿವರಂಜಿನಿ ದಿಂಬು ಸರಿಮಾಡಿದಳು.

*

ಗುರುವಾರ ಬೆಳಿಗ್ಗೆ ತ್ಯಾಗರಾಜನಗರ. ಯಡಿಯೂರು ಕೆರೆ ದಾರಿಯ ತೋಟ ಹೋಗಿ ಸೈಟಾಗಿ, ಸೈಟು ಹೋಗಿ ಮೂರಂತಸ್ತಿನ ಮನೆಗಳಾಗಿದ್ದವು. ಬ್ಯಾಗಿನಲ್ಲಿ ಕರಡಿಗೆ ಇಟ್ಟುಕೊಂಡು ನಾಲ್ಕು ಕಡೆ ವಿಚಾರಿಸಿ ಕೊನೆಗೆ ಒಂದು ತರಕಾರಿ ಅಂಗಡಿ ಮುಂದೆ ನಿಂತಳು. ಅಂಗಡಿಯವನು ಐವತ್ತು ದಾಟಿದವನು, ಶಿವಶಂಕರ್.

"ತೋಟದ ಮುನಿರಾಮಪ್ಪನವರ ಮನೆ ಅಂತ..."

"ನಮ್ಮ ತಾತನೇ. ಏನಾಗ್ಬೇಕಿತ್ತು?"

"ಅವರ ಮಗಳು ಪಿಳ್ಳಮ್ಮ ಅಂತ. ತುಂಬ ಹಿಂದೆ ಆಸ್ಪತ್ರೇಲಿ ತೀರಿಕೊಂಡರಲ್ಲ, ಅವರ ವಿಷಯ."

ಶಿವಶಂಕರ್ ಸೌತೆಕಾಯಿಗೆ ನೀರು ಚಿಮುಕಿಸುವುದನ್ನು ನಿಲ್ಲಿಸದೆ ಒಳಗೆ ಕೈ ತೋರಿಸಿದ. "ತೀರಿಕೊಂಡೋರು ಒಳಗೆ ಅವರೆಕಾಯಿ ಸುಲೀತಿದಾರೆ, ಹೋಗಿ. ಚಪ್ಪಲಿ ಬಿಡೋದೇನೂ ಬೇಡ."

ಒಳಗೆ ಮೊರದ ಮುಂದೆ ಚಿಕ್ಕ ಮೈಕಟ್ಟಿನ ಮುದುಕಿಯೊಬ್ಬರು ಕಾಲು ಚಾಚಿ ಕೂತಿದ್ದರು. ಶಿವರಂಜಿನಿ ಕರಡಿಗೆಯನ್ನು ಬ್ಯಾಗಿನಿಂದ ತೆಗೆದು ತೋರಿಸಿದಳು, ಅಷ್ಟೆ.

ಪಿಳ್ಳಮ್ಮ ಅವರೆಕಾಳಿನ ಕೈಯನ್ನು ಸೆರಗಿಗೆ ಒರೆಸಿಕೊಂಡರು. "ಬಂತಾ," ಅಂದರು. "ಯಾರ ಮೊಮ್ಮಗಳು ನೀನು? ಮಹಾನಂದಮ್ಮಂದಾ?"

"ಹೂಂ. ನೀವು... ರಿಜಿಸ್ಟರಲ್ಲಿ ನೀವು..."

"ಸತ್ತಿದೀನಿ. ಗೊತ್ತು ಕಣಮ್ಮ. ನಾನು ಸತ್ತು ಐವತ್ತು ವರ್ಷ ಆಯ್ತು. ವರ್ಷಾ ವರ್ಷಾ ಮಾಲಯ ಅಮಾವಾಸ್ಯೇಲಿ ನನ್ನ ಗೋರಿಗೆ ನಾನೇ ಎಡೆ ಇಟ್ಟು ಬರ್ತೀನಿ. ಕೂತ್ಕೋ."

ಶಿವರಂಜಿನಿ ಕೂತಳು. ಪಿಳ್ಳಮ್ಮ ಕಾಯಿ ಸುಲಿಯುತ್ತಲೇ ಹೇಳಿದರು.

"ನಿಮ್ಮ ಸಾವ್ಕಾರ್ರು ನಮ್ಮಪ್ಪನ್ನ ಕರೆದ್ರು. ನಿಮ್ಮಜ್ಜಿ ಮದುವೆ ಗೊತ್ತಾಗಿತ್ತು. ಮನೇಲಿ ಹಂಗಿರೋಳು ಒಬ್ಳು ಇದಾಳೆ ಅಂದ್ರೆ ಯಾರು ಮಾಡ್ಕೊತಾರೆ? ಆಸ್ಪತ್ರೇಲಿ ಅವರ ಹೆಸರು ಬರೀಬಾರ್ದು. ಬರೆದ್ರೆ ಪೇಟೆ ತುಂಬಾ ಗೊತ್ತಾಗುತ್ತೆ. 'ಮುನಿರಾಮ, ನಿನ್ನ ಮಗಳು ಅಂತ ಸೇರಿಸಿ ಬಾ. ಹೆಸರು ತಾನೆ' ಅಂದ್ರಂತೆ. ನಮ್ಮಪ್ಪ ನಲವತ್ತು ವರ್ಷದಿಂದ ಆ ಮನೆಗೆ ಸೊಪ್ಪು ಹಾಕಿದೋನು. ಆಗಲ್ಲ ಅನ್ನೋದು ಅವನಿಗೆ ಅಭ್ಯಾಸವೇ ಇರ್ಲಿಲ್ಲ."

"ಅದಕ್ಕೇ ಲಿಂಗ ತೆಗೆದ್ರಾ?"

"ಮತ್ತೆ? ತಿಗಳರ ಹುಡುಗಿ ಕೊರಳಲ್ಲಿ ಬೆಳ್ಳಿ ಕರಡಿಗೆ ಇದ್ರೆ ಯಾರಾದ್ರೂ ನಂಬ್ತಾರಾ?" ಅವರು ಒಂದು ಹುಳುಕು ಕಾಯಿ ಆಚೆ ಎಸೆದರು. "ನಮ್ಮಪ್ಪ ತನ್ನ ಮಗಳ ಮದುವೆ ಯೋಚನೆ ಮಾಡ್ಲಿಲ್ಲ. ಅದೇ ತಪ್ಪಾಯ್ತು. ಹುಚ್ಚಾಸ್ಪತ್ರೆ ತೋಟದ ಮಾಲಿ ನಮ್ಮ ಜನದೋನೇ. ತೋಟದ ಮುನಿರಾಮಪ್ಪನ ಮಗಳಿಗೆ ತಲೆ ಕೆಟ್ಟಿದೆಯಂತೆ ಅಂತ ಒಂದು ವಾರದಲ್ಲಿ ಎಲ್ಲರ ಬಾಯಿಗೆ ಬಂತು. ನಾನು ಎದುರಿಗೇ ಸೊಪ್ಪು ಮಾರ್ತಾ ಕೂತಿದೀನಿ, ನನ್ನನ್ನೇ ನೋಡಿ ಅಯ್ಯೋ ಪಾಪ ಅನ್ನೋರು! ಗೊತ್ತಾಗಿದ್ದ ಗಂಡು ಓಡಿಹೋದ. ಆಮೇಲೆ ಇಬ್ಬರು ಮಕ್ಕಳ ತಂದೆಗೆ ಕೊಟ್ರು. ಒಳ್ಳೇ ಮನುಷ್ಯ ಬಿಡು. ಆದ್ರೂ."

ಆ 'ಆದ್ರೂ' ಮೊರದ ಮೇಲೆ ಹಾಗೇ ಕೂತಿತು. ಅಜ್ಜಿಯ ಮದುವೆಯ ಫೋಟೊ, ಆ ಮದುವೆಯಿಂದ ಹುಟ್ಟಿದ ಅಪ್ಪ, ಅಪ್ಪನಿಂದ ಹುಟ್ಟಿದ ತಾನು, ಎಲ್ಲ ಶಿವರಂಜಿನಿಯ ಕಣ್ಣ ಮುಂದೆ ಒಂದರ ಹಿಂದೊಂದು ಬಂದು ಗೊಂದಲವಾಯಿತು. ಯಾರ ಮೇಲೆ ಸಿಟ್ಟು ಮಾಡಬೇಕು? ವಾರಕ್ಕೊಂದು ಸಲ ಮಗಳಿಗೆ ಗುಟ್ಟಾಗಿ ಅನ್ನ ಹಾಕಿಸಿದ ಮುತ್ತಾತ ಕಟುಕನೋ, ತಂದೆಯೋ?

"ನಿಮ್ಮ ಮನೇಲಿ ಆಗಿದ್ರೆ ಆಸ್ಪತ್ರೆಗೆ ಕಳಿಸ್ತಿರಲಿಲ್ಲ ಅಲ್ವಾ ಅಜ್ಜಿ?" ಅಂದಳು, ಯಾವುದಾದರೂ ಒಂದು ಮಾತು ನೇರವಾಗಿರಲಿ ಎಂಬ ಆಸೆಯಿಂದ.

ಪಿಳ್ಳಮ್ಮ ನಕ್ಕರು. "ನಮ್ಮ ಸೋದರತ್ತೆ ಒಬ್ಬಳು ಹಂಗೇ ಇದ್ಲು. ನಮ್ಮೋರು ಅದನ್ನ ಹುಚ್ಚು ಅನ್ನಲಿಲ್ಲ. ಅಮ್ಮ ಮೈಮೇಲೆ ಬಂದವಳೆ ಅಂದ್ರು. ಮಂಗಳವಾರ ಶುಕ್ರವಾರ ಅರಿಶಿನ ಹಚ್ಚಿ ಕಾಲಿಗೆ ಬೀಳೋರು. ಬುಧವಾರ ಗಾಳಿ ಬಿಡಿಸೋಕೆ ಹುಣಸೆ ಬರಲಲ್ಲಿ ಬಾರಿಸೋರು. ನಿಮ್ಮೋರು ಕಳಿಸಿದ್ರು, ನಮ್ಮೋರು ಹೊಡೆದ್ರು. ಯಾವುದು ವಾಸಿ ಅಂತ ನನ್ನ ಕೇಳ್ಬೇಡ. ನಂಗೂ ಇವತ್ತಿನವರೆಗೆ ತಿಳಿದಿಲ್ಲ."

ಎಪ್ಪತ್ತನಾಲ್ಕರಲ್ಲಿ ಮುನಿರಾಮಪ್ಪನಿಗೆ ಕಾರ್ಡು ಬಂದಿತ್ತು: ನಿನ್ನ ಮಗಳು ತೀರಿದ್ದಾಳೆ, ಬಂದು ಒಯ್ಯುವುದು. ಅವನು ಕಾರ್ಡು ಹಿಡಿದು ಸಾಹುಕಾರರ ಮನೆಗೆ ಓಡಿದ. ಪರಮಶಿವಯ್ಯ ಕಾರ್ಡನ್ನು ಓದಿ, ಮಡಿಸಿ, ಹಿಂದಕ್ಕೆ ಕೊಟ್ಟು ಒಳಗೆ ಹೋದವರು ಹೊರಗೆ ಬರಲಿಲ್ಲ. ಮುನಿರಾಮಪ್ಪನೇ ಗಾಡಿ ಮಾಡಿಕೊಂಡು ಹೋಗಿ ತಂದು ತಮ್ಮ ಜನರ ಮಣ್ಣಿನಲ್ಲಿ ಮಣ್ಣು ಮಾಡಿದ್ದ.

"ಮಲಗಿಸಿ ಮಾಡಿದ್ವಿ," ಅಂದರು ಪಿಳ್ಳಮ್ಮ, ಮೊದಲ ಸಲ ದನಿ ತಗ್ಗಿಸಿ. "ನಿಮ್ಮೋರು ಕೂರಿಸಿ ಮಾಡ್ತಾರೆ, ಗೊತ್ತಿತ್ತು. ಕೂರಿಸಿದ್ರೆ ನಾಲ್ಕು ಜನ ಕೇಳ್ತಾರಲ್ಲ, ಮುನಿರಾಮಪ್ಪನ ಮಗಳನ್ನ ಯಾಕೆ ಕೂರಿಸ್ತೀರ ಅಂತ."

ಅವರು ಮೊರ ಪಕ್ಕಕ್ಕಿಟ್ಟು ಎದ್ದರು. "ಶಂಕರಾ, ಆಟೋ ಕರಿ. ಆ ಚಿಕ್ಕ ಗುದ್ದಲಿ ಎಲ್ಲಿದೆ?"

*

ಸ್ಮಶಾನ ಹತ್ತು ನಿಮಿಷದ ದಾರಿ. ಹೊಂಗೆ ಮರದ ಕೆಳಗೆ ಮೊಣಕಾಲೆತ್ತರದ ಕಲ್ಲು. ಕೆತ್ತಿದ್ದು 'ಪಿಳ್ಳಮ್ಮ' ಎಂದು. ಪಿಳ್ಳಮ್ಮ ತಮ್ಮ ಹೆಸರಿನ ಮೇಲೆ ಬಿದ್ದಿದ್ದ ಎಲೆಗಳನ್ನು ಗುಡಿಸಿದರು, ಮನೆ ಅಂಗಳ ಗುಡಿಸಿದ ಹಾಗೆ.

"ಎಡಗೈ ಯಾವ ಕಡೆ?" ಅಂದಳು ಶಿವರಂಜಿನಿ. ಲಿಂಗ ಎಡ ಅಂಗೈಗೇ ಸೇರಬೇಕಲ್ಲ.

"ತಲೆ ದಕ್ಷಿಣಕ್ಕೆ ಇಟ್ಟಿದ್ವಿ."

ಶಿವರಂಜಿನಿ ದಕ್ಷಿಣ ಯಾವುದೆಂದು ಸೂರ್ಯನನ್ನು ನೋಡಿದಳು. ಕಲ್ಲಿಗೆ ಬೆನ್ನು ಮಾಡಿ ನಿಂತು ಎಡಗೈ ಎತ್ತಿದಳು. ಮಲಗಿದರೆ ಬದಲಾಗುತ್ತದೆಯೇ? ಅನುಮಾನ ಬಂದು ಇನ್ನೊಂದು ಸಲ ತಿರುಗಿದಳು. ಕೊನೆಗೆ ಪಕ್ಕದ ಖಾಲಿ ನೆಲದ ಮೇಲೆ, ದುಪಟ್ಟಾ ಹಾಸಿಕೊಂಡು, ದಕ್ಷಿಣಕ್ಕೆ ತಲೆ ಹಾಕಿ ಮಲಗಿಯೇಬಿಟ್ಟಳು. ಮೇಲೆ ಹೊಂಗೆ ಎಲೆ, ಎಲೆಯ ಸಂದಿನಲ್ಲಿ ಬಿಸಿಲು.

"ಏಳೇ ಹುಚ್ಚುಡುಗಿ," ಅಂದ ಪಿಳ್ಳಮ್ಮ ತಕ್ಷಣ ನಾಲಿಗೆ ಕಚ್ಚಿಕೊಂಡರು.

"ಪಶ್ಚಿಮ," ಎಂದು ಶಿವರಂಜಿನಿ ಎದ್ದಳು. "ಎಡಗೈ ಪಶ್ಚಿಮಕ್ಕೆ."

ಪಿಳ್ಳಮ್ಮ ಗುದ್ದಲಿ ಹಿಡಿದರು. ಎಂಬತ್ತೈದರ ಕೈ, ಆದರೂ ಮಣ್ಣು ಅವರ ಮಾತು ಕೇಳುತ್ತಿತ್ತು. ಮೊಣಕೈಯಷ್ಟು ಆಳವಾಯಿತು. ಶಿವರಂಜಿನಿ ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡಳು. ಕಪ್ಪಗೆ, ನುಣ್ಣಗೆ, ಅಂದುಕೊಂಡದ್ದಕ್ಕಿಂತ ಭಾರ. ಮಂತ್ರ ಬರುತ್ತಿರಲಿಲ್ಲ. ಬಾಟಲಿಯಿಂದ ನೀರು ಹಾಕಿ, ಅಜ್ಜಿ ನೋಡುವ ಹಾಗೆ ನೋಡಲು ಪ್ರಯತ್ನಿಸಿದಳು. ಏನೂ ಕಾಣಲಿಲ್ಲ. ನೀರಿನ ಹೊಳಪು, ಅದರಲ್ಲಿ ಒಂದಿಷ್ಟು ಮರ.

ಬಗ್ಗಿ ಕೈ ಇಳಿಸಿದರೆ ಅಂಚಿನ ಉದುರುಮಣ್ಣು ಜಾರಿತು. "ನೀವು ಒಂದು ಕೈ ಹಿಡಿಯಿರಿ ಅಜ್ಜಿ."

"ನಾನು ಮುಟ್ಟಬಹುದಾ? ನಿಮ್ಮ ಲಿಂಗ ಅದು."

ಶಿವರಂಜಿನಿಗೆ ಗೊತ್ತಿರಲಿಲ್ಲ. ಅಜ್ಜಿಗೆ ಫೋನ್ ಮಾಡಿ ಕೇಳಬಹುದಿತ್ತು. ಅಜ್ಜಿಗೂ ಗೊತ್ತಿರುತ್ತದೋ ಇಲ್ಲವೋ. "ಅವರನ್ನ ಮಣ್ಣು ಮಾಡಿದೋರು ನೀವು," ಅಂದಳು. ಅದು ಉತ್ತರವೋ ಅಲ್ಲವೋ ಅವಳಿಗೇ ತಿಳಿಯಲಿಲ್ಲ.

ಪಿಳ್ಳಮ್ಮ ಮಂಡಿಯೂರಿ ಅವಳ ಅಂಗೈಯ ಕೆಳಗೆ ತಮ್ಮ ಅಂಗೈ ಇಟ್ಟರು. ಎರಡು ಕೈ ಒಟ್ಟಿಗೆ ಇಳಿದವು. "ಹೆಸರು ಹೇಳಿ ಕೊಡು ತಾಯಿ," ಅಂದರು. "ಅವಳನ್ನ ಆ ಹೆಸರಲ್ಲಿ ಕೂಗಿ ಬಹಳ ಕಾಲ ಆಯ್ತು."

"ವಿಶಾಲಾಕ್ಷಜ್ಜಿ," ಅಂದಳು ಶಿವರಂಜಿನಿ. ದನಿ ಸಣ್ಣದಾಯಿತು ಅನಿಸಿ ಇನ್ನೊಮ್ಮೆ, ಜೋರಾಗಿ, "ವಿಶಾಲಾಕ್ಷಜ್ಜಿ, ನಿಮ್ಮದು. ಮಹಾನಂದ ಕಳಿಸಿದಾಳೆ."

ಕೈ ಮಗುಚಿದಳು. ಲಿಂಗ ಮಣ್ಣಿನಲ್ಲಿ ಕೂತಿತು. ಪಿಳ್ಳಮ್ಮ ಎರಡೂ ಕೈಯಿಂದ ಮಣ್ಣು ಎಳೆದು ಹಾಕಿ, ಸಸಿ ನೆಟ್ಟವರಂತೆ ಸುತ್ತಲೂ ಒತ್ತಿ ಸಮ ಮಾಡಿದರು.